ಅಂಗಳದ ಕಸ ಸುಡಬೇಡಿ, ಗಿಡದ ಬುಡಕ್ಕೆ ಹೊದಿಸಿ

ಮಾಘ ಮುಗಿಯುವ ಹೊತ್ತಿಗೆ ಗದಗ-ಬೆಟಗೇರಿಯ ಓಣಿ ಓಣಿಗಳಲ್ಲಿ ಬೇವಿನ ಮರ ಎಲೆ ಉದುರಿಸುತ್ತದೆ. ಅಂಗಳ ಗುಡಿಸಿ, ಎಲೆಯನ್ನೆಲ್ಲ ಗೇಟಿನ ಮುಂದೆ ಗುಂಪು ಹಾಕಿ ಬೆಂಕಿ ಹಚ್ಚುವವರೇ ಹೆಚ್ಚು. ಅದೇ ಮನೆಯ ಹಿತ್ತಲಿನಲ್ಲಿ ಕರಿಬೇವು, ನಿಂಬೆ, ದಾಸವಾಳದ ಬುಡ ಬಿಸಿಲಿಗೆ ಬಿರುಕು ಬಿಟ್ಟಿರುತ್ತದೆ. ನಳಕ್ಕೆ ನೀರು ಯಾವಾಗ ಬಂದೀತೆಂದು ದಿನ ಎಣಿಸುವ ಊರಿನಲ್ಲಿ ನೀರು ಉಳಿಸುವ ವಸ್ತುವನ್ನೇ ನಾವು ಸುಡುತ್ತಿದ್ದೇವೆ. ಕಸ ಸುಡಬಾರದು, ತೋಟದ ಕಸವನ್ನು ಮನೆಯ ಆವರಣದಲ್ಲೇ ಬೇರೆಯಾಗಿ ಇಡಬೇಕು ಎಂದು 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳೇ ಹೇಳಿದ್ದವು.

ಈ ಸೀಮೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಹೆಚ್ಚುಕಡಿಮೆ 600 ಮಿಲಿಮೀಟರ್. ಬಿದ್ದ ನೀರನ್ನು ಬಿಸಿಲಿನಷ್ಟೇ ಗಾಳಿಯೂ ಹೀರುತ್ತದೆ. ಕಪ್ಪತಗುಡ್ಡದ ಸಾಲಿನಲ್ಲಿ ಗಾಳಿಯಂತ್ರಗಳು ಎದ್ದು ನಿಂತಿರುವುದು ಆ ಗಾಳಿಯನ್ನು ನಂಬಿಯೇ. ಮೇಲ್ಮಣ್ಣು ಒಣಗಿದಂತೆಲ್ಲ ಕೆಳಗಿನ ತೇವ ಮೇಲೇರಿ ಆವಿಯಾಗುತ್ತದೆ. ನಡುವೆ ಒಣ ಎಲೆಯದೋ ಹುಲ್ಲಿನದೋ ಹೊದಿಕೆ ಇದ್ದರೆ ಬಿಸಿಲು, ಗಾಳಿ ಎರಡೂ ಮಣ್ಣಿಗೆ ನೇರವಾಗಿ ತಾಗುವುದಿಲ್ಲ. ಬೆಳಕು ಸಿಗದೆ ಕಳೆಯ ಬೀಜವೂ ಅಷ್ಟಾಗಿ ಮೊಳೆಯದು. ನಮ್ಮ ರೈತರಿಗೆ ಇದು ಹೊಸದಲ್ಲ. ಹಿಂಗಾರಿ ಜೋಳದಲ್ಲಿ ಎಡೆಕುಂಟೆ ಹೊಡೆದು, ಮೇಲಿನ ಮಣ್ಣು ಸಡಿಲಿಸಿ ಬಿರುಕು ಮುಚ್ಚುವುದು ತೇವ ಹಿಡಿದಿಡಲಿಕ್ಕೇ. ಹಿತ್ತಲಿನಲ್ಲಿ ಆ ಕೆಲಸವನ್ನು ಕಸ ಮಾಡುತ್ತದೆ.

ಆದರೆ ಎಲ್ಲ ಮಣ್ಣಿಗೂ ಒಂದೇ ಲೆಕ್ಕವಲ್ಲ. ಎರೆಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕೈ ಹೋಗುವಷ್ಟು ಬಿರಿಯುತ್ತದೆ, ಆ ಬಿರುಕಿನೊಳಗಿಂದಲೇ ಆಳದ ತೇವ ಆರಿಹೋಗುತ್ತದೆ. ಇಲ್ಲಿ ಹಿಂಗಾರಿ ಮಳೆ ಹಿಂದೆಗೆದ ಕೂಡಲೇ, ಬಿರುಕು ಬೀಳುವ ಮೊದಲೇ ಹೊದಿಸಬೇಕು. ಮಳೆಗಾಲದಲ್ಲಿ ನೀರು ನಿಲ್ಲುವ ಜಾಗವಿದ್ದರೆ ಹೊದಿಕೆಯನ್ನು ಬದಿಗೆ ಸರಿಸಿ, ಇಲ್ಲವಾದರೆ ಬೇರು ಕೊಳೆಯುತ್ತದೆ. ಶಿರಹಟ್ಟಿ, ಮುಂಡರಗಿಯ ಕಡೆಯ ಮಸಾರಿ ಮಣ್ಣು ಬೇಗ ಬಸಿದು ಬೇಗ ಒಣಗುತ್ತದೆ. ಅಲ್ಲಿ ವರ್ಷವಿಡೀ ಹೊದಿಕೆ ಇರಲಿ, ಗೆದ್ದಲಿನ ಮೇಲೆ ಮಾತ್ರ ಕಣ್ಣಿಡಿ. ಮನೆಯ ಗೋಡೆಗೆ ಹತ್ತಿಸಿ ಕಸ ಹರಡುವುದು ಎಲ್ಲಿಯೂ ಬೇಡ.

ಹುಲ್ಲಿನ ವಿಷಯದಲ್ಲಿ ಹೆಚ್ಚು ಎಚ್ಚರ ಬೇಕು. ಹಸಿ ಹುಲ್ಲಿನಲ್ಲಿ ಮುಕ್ಕಾಲು ಪಾಲಿಗೂ ಮಿಕ್ಕಿ ನೀರೇ ಇರುತ್ತದೆ. ಕತ್ತರಿಸಿದ್ದನ್ನು ಹಾಗೇ ದಪ್ಪಗೆ ಸುರಿದು, ಮರುದಿನ ಒಳಗೆ ಕೈ ಹಾಕಿ ನೋಡಿ: ಬಿಸಿ ತಾಗುತ್ತದೆ, ಹುಳಿ ನಾತ ಮೂಗಿಗೆ ಬಡಿಯುತ್ತದೆ. ಆಮೇಲೆ ಅದು ಚಾಪೆಯಂತೆ ಅಂಟಿಕೊಂಡು ನೀರನ್ನೂ ಗಾಳಿಯನ್ನೂ ಒಳಗೆ ಬಿಡುವುದಿಲ್ಲ. ಆದ್ದರಿಂದ ಒಂದೆರಡು ದಿನ ಬಿಸಿಲಿಗೆ ಹರಡಿ, ಒಣಗಿದ ಮೇಲೆ ಒಂದಿಂಚಿಗಿಂತ ತೆಳ್ಳಗೆ ಹಾಸಿ. ಅದು ಕುಗ್ಗಿದ ಮೇಲೆ ಇನ್ನೊಂದು ಪದರ. ಕರಕಿಯಾದರೆ ಗರಗರ ಒಣಗಲೇಬೇಕು, ಹಸಿ ಗೆಣ್ಣು ಉಳಿದರೆ ಅಲ್ಲೇ ಬೇರು ಬಿಡುತ್ತದೆ. ಹೂ ಬಿಟ್ಟ ಪಾರ್ಥೇನಿಯಂ ಬೇಡವೇ ಬೇಡ. ಕಳೆನಾಶಕ ಹೊಡೆದ ಹುಲ್ಲನ್ನು ಕಾಯಿಪಲ್ಲೆ ಮಡಿಯ ಹತ್ತಿರ ತರಬೇಡಿ.

ಅಂಗಳದಲ್ಲಿ ಹುಲ್ಲುಹಾಸು ಬೆಳೆಸಿದವರು ಕತ್ತರಿಸಿದ ಹುಲ್ಲನ್ನು ಗುಡಿಸಬೇಕೆಂದೇ ಇಲ್ಲ. ಒಂದು ಸಲಕ್ಕೆ ಎತ್ತರದ ಮೂರನೇ ಒಂದು ಪಾಲಿಗಿಂತ ಹೆಚ್ಚು ಕತ್ತರಿಸದಿದ್ದರೆ ತುಣುಕುಗಳು ಸಣ್ಣವಿರುತ್ತವೆ, ಒಳಗೆ ಇಳಿದು ಕೊಳೆತು ಸಾರಜನಕವನ್ನು ಅದೇ ಹುಲ್ಲಿಗೆ ಮರಳಿಸುತ್ತವೆ. ಅಷ್ಟು ಗೊಬ್ಬರದ ಖರ್ಚು ಉಳಿಯಿತು.

ಹುಲ್ಲಿಲ್ಲದ ಮನೆಗೂ ಕೊರತೆಯಿಲ್ಲ. ಜೋಳದ ಕಣಕಿಯಲ್ಲಿ ದನ ತಿಂದು ಬಿಟ್ಟ ದಂಟು, ಕಬ್ಬಿನ ರವದಿ, ತೆಂಗಿನ ಗರಿ ಎಲ್ಲವೂ ಆಗುತ್ತದೆ. ನನ್ನ ಆಯ್ಕೆ ಶೇಂಗಾ ಸಿಪ್ಪೆ. ಒಂದಕ್ಕೊಂದು ಸಿಕ್ಕಿಕೊಂಡು ಕೂರುತ್ತದೆ, ನಿಧಾನ ಕೊಳೆಯುತ್ತದೆ. ಕಾಳು ಉಳಿದಿದ್ದರೆ ಇಲಿ ಬರುತ್ತವೆ, ಜಾಲಿಸಿ ಹಾಕಿ. ಬುಡಕೊಳೆ ರೋಗ ಬಿದ್ದ ಹೊಲದ ಸಿಪ್ಪೆಯನ್ನು ಟೊಮ್ಯಾಟೊ, ಮೆಣಸಿನಗಿಡಕ್ಕೆ ಹಾಕಬೇಡಿ, ಅದೇ ರೋಗ ಅವಕ್ಕೂ ತಗಲುತ್ತದೆ. ಎಲೆ ತರಲೆಂದು ಕಪ್ಪತಗುಡ್ಡಕ್ಕೆ ಹೋಗುವುದು ಸಲ್ಲ. 2019ರಿಂದ ಅದು ವನ್ಯಜೀವಿ ಧಾಮ, ಅಲ್ಲಿನ ಎಲೆ ಅಲ್ಲಿನ ಮಣ್ಣಿಗೇ ಸೇರಬೇಕು.

ಹಾಸುವ ಕ್ರಮ ಸರಳ. ಕಳೆ ಕಿತ್ತು, ಬುಡಕ್ಕೆ ನೀರು ತುಂಬ ಉಣಿಸಿ, ಎರಡರಿಂದ ಮೂರು ಇಂಚು ದಪ್ಪ ಹರಡಿ. ಒಣನೆಲಕ್ಕೆ ಹಾಸಿದರೆ ಒಣಗಿದ್ದೇ ಉಳಿಯುತ್ತದೆ. ಕಾಂಡದ ಸುತ್ತ ನಾಲ್ಕು ಬೆರಳು ಜಾಗ ಬಿಡಿ. ಆಷಾಢದ ಗಾಳಿಗೆ ಎಲೆ ಹಾರಿಹೋಗದಂತೆ ನೀರು ಚಿಮುಕಿಸಿ, ಮೇಲೆ ಅಡ್ಡಡ್ಡ ದಂಟು ಇಡಿ. ನೀರು ಹಾಕುವಾಗ ಮೇಲೆ ಮೇಲೆ ಚಿಮುಕಿಸಿದರೆ ಕಸ ಮಾತ್ರ ತೊಯ್ಯುತ್ತದೆ; ಒಂದು ಕಡೆ ಸರಿಸಿ ಬುಡಕ್ಕೇ ಹೊಯ್ಯಿರಿ. ನೀರು ಬೇಕೋ ಬೇಡವೋ ಎಂಬುದನ್ನು ಬೆರಳೇ ಹೇಳುತ್ತದೆ. ಹೊದಿಕೆ ಎತ್ತಿ ಎರಡು ಇಂಚು ಒಳಗೆ ಚುಚ್ಚಿ, ಮಣ್ಣು ಬೆರಳಿಗೆ ಅಂಟಿದರೆ ಅವತ್ತಿನ ನೀರು ಉಳಿಸಿ.

ಮಣ್ಣು, ರೋಗದ ವಿಷಯದಲ್ಲಿ ಸಂದೇಹವಿದ್ದರೆ ಹುಲಕೋಟಿಯ ಕೃಷಿ ವಿಜ್ಞಾನ ಕೇಂದ್ರ ಹತ್ತಿರವೇ ಇದೆ. ಬೇವಿನ ಎಲೆ ಉದುರುವ ಕಾಲಕ್ಕೆ ನಾಲ್ಕು ಖಾಲಿ ಚೀಲ ತೆಗೆದಿಟ್ಟುಕೊಳ್ಳಿ. ಬೇಸಿಗೆಗೆ ಬೇಕಾಗುವಷ್ಟು ಹೊದಿಕೆ ನಿಮ್ಮ ಅಂಗಳದಲ್ಲೇ ಬೀಳುತ್ತದೆ.