ರಾಂಚಿಯ ವಕೀಲರು ಕಟ್ಟಿದ ಮಾನವಶಾಸ್ತ್ರ ಪತ್ರಿಕೆ

‘ಮ್ಯಾನ್ ಇನ್ ಇಂಡಿಯಾ’ 1921ರಲ್ಲಿ ರಾಂಚಿಯಿಂದ ಹೊರಟ ಇಂಗ್ಲಿಷ್ ತ್ರೈಮಾಸಿಕ. ಭಾರತದ ಮಾನವಶಾಸ್ತ್ರ ಪತ್ರಿಕೆಗಳಲ್ಲಿ ಅತಿ ಹಳೆಯವುಗಳ ಸಾಲಿಗೆ ಸೇರುತ್ತದೆ. ಇದರ ಸ್ಥಾಪಕ ಸಂಪಾದಕ ಶರತ್ ಚಂದ್ರ ರಾಯ್ (1871–1942) ವೃತ್ತಿಯಿಂದ ವಕೀಲರು.

ರಾಯ್ ರಾಂಚಿಗೆ ಬಂದದ್ದು ಶಾಲೆಯ ಕೆಲಸಕ್ಕೆ. ಅಲ್ಲಿ ವಕೀಲಿ ಹಿಡಿದದ್ದು ಆಮೇಲೆ. ಆ ಸೀಮೆಯ ಮುಂಡಾ, ಉರಾಂವ್ ಬುಡಕಟ್ಟುಗಳ ರೈತರು ಜಮೀನಿನ ವ್ಯಾಜ್ಯಕ್ಕೆಂದು ಕೋರ್ಟಿನ ಮೆಟ್ಟಿಲೇರಿದರೆ ಅವರ ಭಾಷೆಯೂ ರೂಢಿಯೂ ಅಲ್ಲಿನವರಿಗೆ ತಿಳಿಯುತ್ತಿರಲಿಲ್ಲ. ಕಕ್ಷಿಗಾರರ ಬದುಕನ್ನು ಅರಿಯಲು ಹೊರಟ ರಾಯ್ 1912ರಲ್ಲಿ ಮುಂಡಾಗಳ ಬಗ್ಗೆ, 1915ರಲ್ಲಿ ಉರಾಂವರ ಬಗ್ಗೆ ಗ್ರಂಥಗಳನ್ನೇ ಹೊರತಂದರು.

ಇಂಥ ಪ್ರಾದೇಶಿಕ ಅಧ್ಯಯನದ ಬೆಲೆ ಏನೆಂಬುದಕ್ಕೆ ಮುಂಡಾಗಳ ‘ಸಸಂದಿರಿ’ ಒಳ್ಳೆಯ ನಿದರ್ಶನ. ಊರ ಬಳಿ ನೆಲದ ಮೇಲೆ ಹಾಸಿರುವ ದೊಡ್ಡ ಕಲ್ಲುಚಪ್ಪಡಿಗಳಿವು. ಅಡಿಯಲ್ಲಿ ಕುಲದ ಹಿರಿಯರ ಮೂಳೆಗಳಿರುತ್ತವೆ. ದಾರಿಹೋಕರ ಕಣ್ಣಿಗೆ ಬರಿಯ ಬಂಡೆ. ಊರಿನವರಿಗೆ ಮಾತ್ರ, ಕಾಡು ಕಡಿದು ಅಲ್ಲಿ ಮೊದಲು ನೆಲೆ ನಿಂತ ವಂಶ ಯಾವುದು, ನೆಲದ ಹಕ್ಕು ಯಾರದು ಎಂದು ಸಾರುವ ಸಾಕ್ಷಿ. ಈ ಪದವನ್ನು ‘ಸಮಾಧಿ’ ಎಂದಷ್ಟೇ ಅನುವಾದಿಸಿದರೆ ಆ ಹಕ್ಕಿನ ಮಾತೇ ಕಳೆದುಹೋಗುತ್ತದೆ. ಕಾಡು ಕಡಿದವರ ಈ ‘ಖೂಂಟ್‌ಕಟ್ಟಿ’ ಹಕ್ಕಿಗೆ 1908ರ ಛೋಟಾನಾಗಪುರ ಗೇಣಿ ಕಾಯ್ದೆಯಲ್ಲಿ ಮನ್ನಣೆ ಸಿಕ್ಕಿತು.

ಆದ್ದರಿಂದಲೇ ಇಂಥ ಪತ್ರಿಕೆಗೆ ಬರೆಯುವವರ ಮೊದಲ ಹೊಣೆ ಸ್ಥಳೀಯ ಪದವನ್ನು ಹಾಗೇ ಉಳಿಸಿಕೊಂಡು ಅರ್ಥ ಬಿಡಿಸುವುದು. ಯಾವ ಊರು, ಯಾವ ಋತು, ಹೇಳಿದವರು ಹೆಂಗಸರೋ ಗಂಡಸರೋ, ಹಿರಿಯರೋ ಕಿರಿಯರೋ ಎಂಬುದೂ ದಾಖಲಾಗಬೇಕು. ಕಣ್ಣಾರೆ ಕಂಡದ್ದು ಬೇರೆ, ಕೇಳಿ ತಿಳಿದದ್ದು ಬೇರೆ, ಲೇಖಕರ ಊಹೆ ಬೇರೆ, ಮೂರೂ ಬೆರೆಯಕೂಡದು. ಈಗಿನ ಪದ್ಧತಿಯಲ್ಲಿ ಸಂಪಾದಕರು ಪ್ರಬಂಧವನ್ನು ವಿಷಯ ಬಲ್ಲ ವಿದ್ವಾಂಸರ ಪರಿಶೀಲನೆಗೆ ಕಳಿಸುತ್ತಾರೆ. ಅವರ ಆಕ್ಷೇಪಗಳಿಗೆ ಉತ್ತರ ಕೊಟ್ಟು ತಿದ್ದಿದ ಮೇಲೆಯೇ ಅಚ್ಚು. ಮಾಹಿತಿ ಕೊಟ್ಟವರ ಒಪ್ಪಿಗೆ ಪಡೆಯುವುದು, ತೊಂದರೆಯಾಗುವಂತಿದ್ದರೆ ಅವರ ಹೆಸರು ಮರೆಸುವುದು ಕೂಡ ಕಡ್ಡಾಯ.

ರಾಯ್ ಕೊನೆಯವರೆಗೂ ಪತ್ರಿಕೆಯನ್ನು ನಡೆಸಿದರು. ಅವರ ನಂತರ ಬ್ರಿಟಿಷ್ ಅಧಿಕಾರಿ ಡಬ್ಲ್ಯು. ಜಿ. ಆರ್ಚರ್ ಮತ್ತು ಮಾನವಶಾಸ್ತ್ರಜ್ಞ ವೆರಿಯರ್ ಎಲ್ವಿನ್ ಸಂಪಾದಕತ್ವ ವಹಿಸಿಕೊಂಡರು. 1943ರಲ್ಲಿ ಒಗಟುಗಳಿಗೆ, 1945ರಲ್ಲಿ ಬುಡಕಟ್ಟು ಬಂಡಾಯಗಳಿಗೆ ಪತ್ರಿಕೆ ಪುಟಗಳನ್ನು ಮೀಸಲಿಟ್ಟಿತು. ಮಕ್ಕಳ ಬಾಯಲ್ಲಿ ಓಡಾಡುವ ಒಗಟಿಗೂ ಬಂಡಾಯದ ಇತಿಹಾಸದಷ್ಟೇ ಗೌರವ ಅಲ್ಲಿ ದೊರೆಯಿತು.

ಒಂದು ಸೀಮೆಯ ಬದುಕನ್ನು ಶ್ರದ್ಧೆಯಿಂದ ಬರೆದಿಟ್ಟ ಪ್ರಬಂಧ ಮುಂದೆ ಆ ಸೀಮೆಯವರಿಗೇ ದಾಖಲೆಯಾಗಬಲ್ಲದು. ಅದು ಅವರ ಕೈಗೂ ತಲುಪಿದಾಗಲೇ ಪ್ರಕಟಣೆಯ ಕೆಲಸ ಪೂರ್ತಿಯಾದಂತೆ.