ಕೆಲಸ ಬಿಡದೆ ಡಾಕ್ಟರೇಟ್

ಬಿಂಡಿಗನವಿಲೆಯಂತಹ ಊರಿನಲ್ಲಿ ಪಾರ್ಶ್ವವಾಯುವಿನ ರೋಗಿಗಳನ್ನು ಮತ್ತೆ ನಡೆಯುವಂತೆ ಮಾಡುವ ಫಿಸಿಯೊಥೆರಪಿಸ್ಟರು ಕೆಲಸ ಬಿಡದೆ, ಮನೆಯಿಂದಲೇ ಆನ್‌ಲೈನಿನಲ್ಲಿ ಡಾಕ್ಟರೇಟ್ ಪಡೆಯಬಹುದೆ? ಅಮೆರಿಕದಲ್ಲಿ ಹಳೆಯ ಪದವಿಯುಳ್ಳವರಿಗೆ ಆನ್‌ಲೈನ್ ಡಿ.ಪಿ.ಟಿ. ಉಂಟು, ಆದರೆ ಅದು ವೃತ್ತಿಪದವಿಯೇ ಹೊರತು ಸಂಶೋಧನೆಯ ಪಿಎಚ್.ಡಿ. ಅಲ್ಲ. ನಮ್ಮಲ್ಲಿ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ 2022ರ ನಿಯಮಾವಳಿಯು ಆನ್‌ಲೈನ್ ಪಿಎಚ್.ಡಿ.ಗೆ ಅವಕಾಶ ಕೊಟ್ಟಿಲ್ಲ. ಉದ್ಯೋಗದಲ್ಲಿರುವವರು ತಮ್ಮ ಸಂಸ್ಥೆಯ ಒಪ್ಪಿಗೆಪತ್ರ ಪಡೆದು ಅರೆಕಾಲಿಕವಾಗಿ ಸಂಶೋಧನೆ ಮಾಡಬಹುದು. ಅದಕ್ಕೆ ಕನಿಷ್ಠ 3 ವರ್ಷ ಬೇಕು. ಆಯೋಗವು ಫಿಸಿಯೊಥೆರಪಿಯ ಆನ್‌ಲೈನ್ ಶಿಕ್ಷಣಕ್ಕೇ ಅವಕಾಶ ಕೊಟ್ಟಿಲ್ಲ.

ಇದು ಸರಿಯೆಂದೇ ನನ್ನ ಮತ. ಬಿಗಿದ ಕೀಲನ್ನು ಕೈಯಿಂದ ಮುಟ್ಟಿಯೇ ಅರಿಯಬೇಕಲ್ಲವೆ? ರಾಗಿ ಕೊಯ್ದು ನೊಂದ ಬೆನ್ನುಗಳು ನಮ್ಮ ಹಳ್ಳಿಗಳಲ್ಲಿ ಸಂಶೋಧಕರಿಗಾಗಿ ಕಾದಿವೆ. ಆದುದರಿಂದ ಮಿತ್ರರೇ, ‘ಮನೆಯಲ್ಲೇ ಡಾಕ್ಟರೇಟ್’ ಎಂಬ ಜಾಹೀರಾತಿಗೆ ಹಣ ತೆರುವ ಮೊದಲು ಈ ನಿಯಮಾವಳಿಯನ್ನು ಓದುವಂತೆ ಆ ವೃತ್ತಿಯ ನಿಮ್ಮ ಬಂಧುಗಳಿಗೆ ತಿಳಿಸಿರಿ.