ನೀರು ಕುಡಿದು ಕಾಯುವುದು ಏಕೆ?



ಪ್ರಾಸ್ಟೇಟ್ ಕ್ಯಾನ್ಸರಿಗೆ ರೇಡಿಯೇಷನ್ ಕೊಡುವ ಮುನ್ನ ವೈದ್ಯರು ಹೇಳುವ ಮಾತೊಂದಿದೆ: "ಮಲಾಶಯ ಖಾಲಿ ಇರಲಿ, ಮೂತ್ರಕೋಶ ತುಂಬಿರಲಿ." ನಮ್ಮ ಹಿರಿಯರಿಗೆ ಈ ವಿಷಯವೆಂದರೇ ಮುಜುಗರ. ಏಕೆಂದು ಕೇಳದೆ ತಲೆಯಾಡಿಸಿ ಬಂದುಬಿಡುತ್ತಾರೆ.

ಪ್ರಾಸ್ಟೇಟ್ ಗ್ರಂಥಿ ಇರುವುದು ಮೂತ್ರಕೋಶದ ಕೆಳಗೆ, ಮಲಾಶಯದ ಮುಂದೆ. ಅದು ಇದ್ದಲ್ಲೇ ಇರುವುದಿಲ್ಲ. ಮಲಾಶಯದಲ್ಲಿ ಮಲವೋ ವಾಯುವೋ ತುಂಬಿದರೆ ಮುಂದಕ್ಕೆ ಸರಿಯುತ್ತದೆ. ಕೆಲವೇ ಮಿಲಿಮೀಟರ್, ಆದರೆ ಕಿರಣದ ಗುರಿ ತಪ್ಪಲು ಅಷ್ಟು ಸಾಕು. ಮೂತ್ರಕೋಶ ತುಂಬಿದ್ದರೆ ಅದರ ಹೆಚ್ಚಿನ ಭಾಗವೂ ಸಣ್ಣ ಕರುಳೂ ಮೇಲಕ್ಕೆ ಸರಿದು ಕಿರಣದಿಂದ ತಪ್ಪಿಸಿಕೊಳ್ಳುತ್ತವೆ.

ಮೊದಲು ಸಿ.ಟಿ. ಸ್ಕ್ಯಾನ್ ಮಾಡಿ ಯೋಜನೆ ಹಾಕುತ್ತಾರೆ. ಆ ದಿನ ಹೊಟ್ಟೆಯೊಳಗೆ ಹೇಗಿತ್ತೋ ಪ್ರತಿಸಲವೂ ಹಾಗೆಯೇ ಇರಬೇಕು. ಹಾಗಾಗಿ ಸ್ಕ್ಯಾನಿನ ದಿನ ಉತ್ಸಾಹದಿಂದ ಲೀಟರುಗಟ್ಟಲೆ ಕುಡಿಯಬೇಡಿ. ಮುಂದೆ ದಿನವೂ ಅಷ್ಟನ್ನು ತಡೆದುಕೊಳ್ಳಬೇಕಾದವರು ನೀವೇ! ಕೆಲವರಿಗೆ 5 ಸಲ, ಅನೇಕರಿಗೆ 4 ವಾರಗಳಲ್ಲಿ 20 ಸಲ, ಇನ್ನು ಕೆಲವರಿಗೆ 7-8 ವಾರ ಚಿಕಿತ್ಸೆ ಇರುತ್ತದೆ.

ಸಾಮಾನ್ಯವಾಗಿ ಮೊದಲು ಮೂತ್ರ ಮಾಡಿ ಬಂದು, 350ರಿಂದ 500 ಮಿಲಿಲೀಟರ್ ನೀರು ಕುಡಿದು, ಅರ್ಧ ಗಂಟೆಯಿಂದ ಒಂದು ಗಂಟೆ ಕಾಯಬೇಕು. ಒಂದೊಂದು ಆಸ್ಪತ್ರೆಯ ಲೆಕ್ಕ ಒಂದೊಂದು. ನಿಮ್ಮಲ್ಲಿ ಹೇಳಿದ್ದನ್ನೇ ಪಾಲಿಸಿ. ಹೃದಯ ಅಥವಾ ಮೂತ್ರಪಿಂಡದ ತೊಂದರೆಯಿಂದ ನೀರಿಗೆ ಮಿತಿ ಇರುವವರು ಮೊದಲೇ ತಿಳಿಸಬೇಕು.

ಮುಂಬಯಿಯವರಿಗೆ ಒಂದು ಮಾತು. ಡೊಂಬಿವಲಿಯಲ್ಲಿ ನೀರು ಕುಡಿದು ಪರೇಲಿಗೆ ಲೋಕಲ್ ಹತ್ತಿದರೆ ಕುರ್ಲಾ ಬರುವಷ್ಟರಲ್ಲಿ ಗತಿ ಕೆಟ್ಟಿರುತ್ತದೆ. ಬಾಟಲಿ ಚೀಲದಲ್ಲಿರಲಿ. ಆಸ್ಪತ್ರೆ ತಲುಪಿ, ಯಂತ್ರ ಸಮಯಕ್ಕೆ ಸರಿಯಾಗಿ ನಡೆಯುತ್ತಿದೆಯೇ ಎಂದು ಟೆಕ್ನೀಶಿಯನ್‌ರನ್ನು ಕೇಳಿ, ಆಮೇಲೆ ಕುಡಿಯಿರಿ.

ಊಟದಲ್ಲಿ ಸ್ಕ್ಯಾನಿಗೆ ಕೆಲವು ದಿನ ಮೊದಲಿನಿಂದಲೇ ಅವರೆಕಾಳು, ಕಡಲೆ, ಎಲೆಕೋಸು, ಹೂಕೋಸು, ಸೋಡಾ ಕಡಿಮೆ ಮಾಡಿ. ಮಿಸಳ್ ಪಾವ್ ಸ್ವಲ್ಪ ದಿನ ಕಾಯಲಿ. ಗಬಗಬನೆ ತಿಂದರೂ ಹೊಟ್ಟೆಗೆ ಗಾಳಿ ಸೇರುತ್ತದೆ. ಮಲಬದ್ಧತೆ ಇದ್ದರೆ ವೈದ್ಯರನ್ನೇ ಕೇಳಿ. ಇಸಬ್ಗೋಲ್‌ನಿಂದ ಕೆಲವರಿಗೆ ವಾಯು ಇನ್ನೂ ಹೆಚ್ಚುತ್ತದೆ.

ಈಗಿನ ಯಂತ್ರಗಳಲ್ಲಿ ಕಿರಣ ಬಿಡುವ ಮುನ್ನ ಚಿತ್ರ ತೆಗೆದು ನೋಡುತ್ತಾರೆ. ಸರಿಯಿಲ್ಲದಿದ್ದರೆ ಎಬ್ಬಿಸಿ ಶೌಚಾಲಯಕ್ಕೆ ಕಳಿಸಬಹುದು, ಮತ್ತೆ ಕಾಯಿಸಬಹುದು. ಅದು ನಿಮ್ಮ ತಪ್ಪಲ್ಲ, ನಾಚಿಕೆ ಬೇಡ. ಎರಡು ಮೂರು ವಾರ ಕಳೆಯುವಾಗ ಉರಿಯೂ ಅವಸರವೂ ಹೆಚ್ಚಿ, ಮೊದಲಿನಷ್ಟು ಹೊತ್ತು ತಡೆಯಲು ಆಗದಿರಬಹುದು. ಆಗ ಹಲ್ಲು ಕಚ್ಚಿ ಮಲಗಬೇಡಿ, ಮೇಜು ಹತ್ತುವ ಮೊದಲೇ ಹೇಳಿಬಿಡಿ. ನೀರಿನ ಅಳತೆ, ಕಾಯುವ ಹೊತ್ತು ಎರಡನ್ನೂ ಅವರು ನೋಡಿ ಹೊಂದಿಸಿಕೊಡುತ್ತಾರೆ.